ಎಂಟನೆಯ ಸದ್ದು

ಅತ್ತೆಯನ್ನು ಸಾಗರದಲ್ಲಿ ಮಣ್ಣು ಮಾಡಿ, ಮೂರನೆಯ ದಿನ ಹೊಸನಗರದ ಬಸ್ಸು ಹತ್ತಿದೆ. ಮಗನ ಪಕ್ಕದಲ್ಲೇ ತನ್ನನ್ನು ಮಲಗಿಸಬೇಕೆಂದು ಅವರು ಹೇಳಿಟ್ಟಿದ್ದರು. ಆ ಮಾತು ನಡೆಸಿಕೊಟ್ಟೆನೆಂಬ ಸಮಾಧಾನ ಬಿಟ್ಟರೆ ಬೇರೇನೂ ನನ್ನ ಬಳಿ ಉಳಿದಿರಲಿಲ್ಲ. ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಸ್ಸು ನಿಂತಿತು. ಮುಂದೆ ಒಬ್ಬ ಕೆಂಪು ಬಟ್ಟೆ ಹಿಡಿದು ನಿಂತಿದ್ದ. ರಸ್ತೆ ಅಗಲ ಮಾಡಲು ಬಂಡೆ ಒಡೆಯುತ್ತಿದ್ದಾರೆ, ಐದು ನಿಮಿಷ ಎಂದು ಕಂಡಕ್ಟರು ಹೇಳಿದರು. ಒಂದಾದ ಮೇಲೊಂದು ಸದ್ದು ಕೇಳಿಸಿತು. ಆಮೇಲೆ ಸುಟ್ಟ ಮದ್ದಿನ ವಾಸನೆ ಕಿಟಕಿಯಿಂದ ಒಳಗೆ ಬಂತು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು, "ಎಂತಕ್ಕಮ್ಮ, ಬೆರಳು ಮಡಚ್ತಾ ಕೂತಿದೀರಿ?" ಎಂದು ಕೇಳಿದರು. ನೋಡಿಕೊಂಡೆ. ಬಲಗೈಯ ನಾಲ್ಕು ಬೆರಳುಗಳು ಮಡಚಿದ್ದವು. ನನಗೇ ಗೊತ್ತಿಲ್ಲದೆ ಎಣಿಸಿದ್ದೆ.

ಮನೆಗೆ ಬಂದ ಮೇಲೂ ಆ ವಾಸನೆ ಸೀರೆಯಲ್ಲಿ ಇತ್ತು. ಮಾತಾಡಿಸಲು ಅತ್ತೆ ಇಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ.

ನಾನು ಹೇಳುವುದು ಎರಡನೆಯ ಮಹಾಯುದ್ಧದ ಕಾಲದ ಒಂದು ಬೇಸಿಗೆಯ ವಿಷಯ. ಆಗ ಜೋಗದಲ್ಲಿ ವಿದ್ಯುತ್ತಿನ ಕೆಲಸ ನಡೆಯುತ್ತಿತ್ತು. ಆ ಕಡೆಯ ರಸ್ತೆಗಳಿಗೆಲ್ಲ ಕಲ್ಲು ಬೇಕಾಗಿತ್ತು. ಸಾಗರದಿಂದ ಕೆಲವು ಮೈಲಿ ಆಚೆ, ಕಾಡಿನ ಅಂಚಿನಲ್ಲಿ, ಒಬ್ಬ ಕಂತ್ರಾಟುದಾರರ ಕಲ್ಲುಕೋರೆಯಿತ್ತು. ಅಲ್ಲಿ ಹನ್ನೆರಡು ಜನ ದುಡಿಯುತ್ತಿದ್ದರು. ಕೋರೆಯಿಂದ ಕೂಗಳತೆಯಲ್ಲಿ ಹುಲ್ಲಿನ ಬಿಡಾರಗಳು. ಅವುಗಳಲ್ಲಿ ಮೂರು ನಮ್ಮವರದು, ಕ್ರೈಸ್ತರದು. ಭಾನುವಾರ ಬೆಳಗಾಗುತ್ತಲೇ ಎದ್ದು, ಒಗೆದ ಬಟ್ಟೆ ಹಾಕಿಕೊಂಡು, ಸಾಗರದ ಸಭೆಗೆ ನಡೆದುಹೋಗುತ್ತಿದ್ದೆವು. ಸಭೆಯೆಂದರೆ ಒಂದು ಉದ್ದನೆಯ ಹೆಂಚಿನ ಕೋಣೆ, ಆರು ಬೆಂಚು.

ನನ್ನ ಅಪ್ಪ ಮೋಶೆ ಆ ಕೋರೆಯಲ್ಲಿ ಎಣಿಸುವ ಕೆಲಸದವರು. ಎಣಿಸುವುದೂ ಒಂದು ಕೆಲಸವೇ ಎಂದು ಕೇಳಿದವರಿದ್ದಾರೆ. ಬಂಡೆಗೆ ಉಳಿಯಿಂದ ಕುಳಿ ಹೊಡೆದು, ಮದ್ದು ತುಂಬಿ, ಬತ್ತಿ ಇಟ್ಟು, ಮಣ್ಣು ಜಡಿಯುತ್ತಾರೆ. ಬತ್ತಿಗಳನ್ನು ಬೇರೆಬೇರೆ ಉದ್ದಕ್ಕೆ ಕತ್ತರಿಸಿರುತ್ತಾರೆ, ಕುಳಿಗಳು ಒಟ್ಟಿಗೆ ಸಿಡಿಯದೆ ಒಂದರ ಹಿಂದೆ ಒಂದು ಸಿಡಿಯಲಿ ಎಂದು. ಹಾಗಾದರೆ ಮಾತ್ರ ಎಣಿಸಲು ಬರುತ್ತದೆ. ಎಷ್ಟು ಕುಳಿಯೋ ಅಷ್ಟು ಬೆಣಚುಕಲ್ಲನ್ನು ಅಪ್ಪ ಎಡಗೈಯಲ್ಲಿ ಹಿಡಿದು ದೊಡ್ಡ ಬಂಡೆಯ ಮರೆಗೆ ನಿಲ್ಲುತ್ತಿದ್ದರು. ಒಂದು ಸದ್ದಿಗೆ ಒಂದು ಕಲ್ಲು ಕೆಳಗೆ. ಕೈ ಬರಿದಾದ ಮೇಲೆ "ಮುಗೀತು" ಎಂದು ಕೂಗುತ್ತಿದ್ದರು. ಅದನ್ನು ಕೇಳಿದ ಮೇಲೆಯೇ ಜನ ಒಳಗೆ ಹೋಗಬೇಕು. ಒಂದು ಕಲ್ಲು ಕೈಯಲ್ಲಿ ಉಳಿದರೂ ಆ ದಿನ ಒಳಗೆ ಕಾಲಿಡುವಂತಿಲ್ಲ. ಸಿಡಿಯದ ಕುಳಿ ಯಾವಾಗ ಬೇಕಾದರೂ ಏಳಬಹುದು.

ಬಿಡಾರದಲ್ಲಿದ್ದ ಹೆಂಗಸರೂ ಎಣಿಸುತ್ತಿದ್ದೆವು. ಯಾರೂ ಹೇಳಿಕೊಟ್ಟದ್ದಲ್ಲ. ಮಧ್ಯಾಹ್ನದ ಸಿಡಿತ ಮುಗಿದ ಮೇಲೆ ಗಂಡಸರಿಗೆ ಊಟದ ಹೊತ್ತು. ಕೊನೆಯ ಸದ್ದಾಯಿತೆಂದರೆ ಅನ್ನ ಬಸಿಯುವುದು, ಬುಟ್ಟಿ ತುಂಬುವುದು. ಇವತ್ತು ಎಷ್ಟು ಕುಳಿ ಎಂದು ಬೆಳಿಗ್ಗೆಯೇ ಕೇಳಿಟ್ಟುಕೊಳ್ಳುತ್ತಿದ್ದೆವು.

ಆ ಹನ್ನೆರಡು ಜನಕ್ಕೆ ಅನ್ನ ಬೇಯಿಸುತ್ತಿದ್ದವರು ನನ್ನ ಅತ್ತೆ ಮಾರ್ತಮ್ಮ. ಗಟ್ಟಿ ಮೈಕಟ್ಟಿನ ಹೆಂಗಸು, ಮಾತು ಕಡಿಮೆ. ರೇಷನ್ನಿನ ಅಕ್ಕಿಯಲ್ಲಿ ಕಲ್ಲೇ ಹೆಚ್ಚು ಇರುತ್ತಿದ್ದ ದಿನಗಳವು. ಅತ್ತೆ ಮೊರ ಹಿಡಿದು ಕುಳಿತರೆಂದರೆ ಕಲ್ಲು ಹೋಗಿ ಅದರಲ್ಲೇ ಎಲ್ಲರ ಹೊಟ್ಟೆ ತುಂಬುವಷ್ಟು ಅಕ್ಕಿ ಹೊರಡುತ್ತಿತ್ತು. ಅನ್ನ, ಹುರುಳಿಸಾರು, ಮಿಡಿ ಉಪ್ಪಿನಕಾಯಿ, ಸಂತೆಯ ಮರುದಿನ ಒಣಮೀನು. ಅವರ ಒಬ್ಬನೇ ಮಗ ದಾನಿಯೇಲನನ್ನು ನಾನು ಮದುವೆಯಾಗಿ ಹದಿನಾಲ್ಕು ತಿಂಗಳಾಗಿತ್ತು. ಅಪ್ಪನ ಬಿಡಾರದಿಂದ ಅತ್ತೆಯ ಬಿಡಾರಕ್ಕೆ ನೂರು ಹೆಜ್ಜೆ. "ಇಷ್ಟು ಹತ್ತಿರದ ಗಂಡನ ಮನೆ ಯಾರಿಗೂ ಸಿಗಲ್ಲ ಕಣೇ" ಎಂದು ಅಪ್ಪ ನಗುತ್ತಿದ್ದರು.

ದಾನಿಯೇಲ ಬತ್ತಿ ಹಚ್ಚುವವರಲ್ಲಿ ಒಬ್ಬ. ಚುರುಕಿನ ಮನುಷ್ಯ. ಅಪ್ಪ ಕೂಗಿದ ಮೇಲೂ ಉಳಿದವರು ಹೊಗೆ ಕರಗಲೆಂದು ಬೀಡಿ ಹಚ್ಚಿ ಕೂರುತ್ತಿದ್ದರು, ಈತ ಹಾರೆ ಹೆಗಲಿಗಿಟ್ಟು ಹೊರಟೇಬಿಡುತ್ತಿದ್ದ. ಜೊತೆಯ ತಿಮ್ಮ, ಮಾವನ ಮಾತೆಂದರೆ ಇವನಿಗೆ ದೇವರ ಮಾತು ಎಂದು ಛೇಡಿಸುತ್ತಿದ್ದನಂತೆ.

ಏಪ್ರಿಲ್ ತಿಂಗಳ ಕೊನೆ. ಮುಂಗಾರಿಗೆ ಮುಂಚಿನ ಮಳೆ ದಿನಾ ಮಧ್ಯಾಹ್ನದ ಮೇಲೆ ಕಟ್ಟಿಕೊಳ್ಳುತ್ತಿತ್ತು. ಅವತ್ತು ಎಂಟು ಕುಳಿ. ನಾನು ಬಿಡಾರದ ಹೊರಗೆ ಸೌದೆ ಎತ್ತಿಡುತ್ತಿದ್ದೆ. ಒಂದು, ಎರಡು ಎಂದು ಸದ್ದು ಶುರುವಾಯಿತು. ಮೋಡ ಕೋರೆಯ ಕಡೆಯಿಂದಲೇ ಏಳುತ್ತಿತ್ತು. ಎಂಟಾಯಿತು. ಅಪ್ಪನ ಕೂಗು ಸಣ್ಣಗೆ ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಸದ್ದು ಬಂತು.

ಆ ಎಂಟರಲ್ಲಿ ಒಂದು ಗುಡುಗು. ಆರನೆಯದೋ ಏಳನೆಯದೋ, ಯಾರಿಗೂ ಗೊತ್ತಿಲ್ಲ.

ದಾನಿಯೇಲನನ್ನು ಮುಚ್ಚಿಯೇ ತಂದರು. ಅತ್ತೆಗೆ ಮುಖ ತೋರಿಸಲಿಲ್ಲ. ಅಪ್ಪ ಹಿಂದೆ ಹಿಂದೆ ಬಂದು ಬಿಡಾರದ ಹೊರಗೆ ನಿಂತರು. ಮಳೆ ಬಂತು. ಅವರು ಹಾಗೇ ನಿಂತಿದ್ದರು, ಯಾರೂ ಒಳಗೆ ಕರೆಯಲಿಲ್ಲ. ನಾನೂ ಕರೆಯಲಿಲ್ಲ.

ಮಣ್ಣಾದ ಮೇಲೆ ಅಪ್ಪ ಒಂದು ಸಲ ಬಂದು, ನಮ್ಮ ಬಿಡಾರಕ್ಕೆ ಬಾ ಮಗಾ ಎಂದರು. ನಾನು ಉತ್ತರ ಕೊಡದೆ ಅತ್ತೆಯ ಬೆನ್ನ ಹಿಂದೆ ಹೋಗಿ ಕುಳಿತೆ. ಕಲ್ಲು ಹಿಡಿಯುತ್ತಿದ್ದ ಅಪ್ಪನ ಎಡಗೈ ಕಂಡರೆ ನನಗೆ ಸಹಿಸಲು ಆಗುತ್ತಿರಲಿಲ್ಲ.

ಎಂಟನೆಯ ದಿನ ಅತ್ತೆ ಎದ್ದು ಒಲೆ ಹಚ್ಚಿದರು. ಅಷ್ಟು ದಿನ ಗಂಡಸರು ಅವಲಕ್ಕಿ ನೆನೆಸಿ ತಿನ್ನುತ್ತಿದ್ದರು. ಯಾರಾದರೂ ಬೇಡವೆಂದಿದ್ದರೆ ಅತ್ತೆ ಕೇಳುತ್ತಿದ್ದರೋ ಏನೋ, ಆದರೆ ಬೇಡವೆನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಬುಟ್ಟಿ ಹೊತ್ತು ಮುಂದೆ ಅವರು, ಸಾರಿನ ಪಾತ್ರೆ ಹಿಡಿದು ಹಿಂದೆ ನಾನು. ಕೋರೆಯ ಹೊರಗೆ ಹಲಸಿನ ಮರದ ಕೆಳಗೆ ಎಲ್ಲರೂ ಕುಳಿತರು. ಅಪ್ಪ ದೂರ, ಬೇರೆಯಾಗಿ. ಅತ್ತೆ ಸಾಲಾಗಿ ಬಡಿಸುತ್ತ ಹೋಗಿ ಕೊನೆಗೆ ಅವರ ಮುಂದೆ ನಿಂತರು. ಎಲೆಗೆ ಅನ್ನ ಹಾಕಿದರು. ಉಳಿದವರಿಗೆ ಹಾಕಿದಷ್ಟೇ, ಒಂದು ಅಗುಳು ಕಡಿಮೆಯಿಲ್ಲ. ಮುಖ ಮಾತ್ರ ನೋಡಲಿಲ್ಲ. ಅಪ್ಪ ಎಲೆಯ ಮುಂದೆ ಕುಳಿತೇ ಇದ್ದರು. ಆಗ ಅತ್ತೆ ಹೇಳಿದ್ದು ಎರಡೇ ಮಾತು: "ಉಣ್ಣಿ. ಆರ್ತದೆ."

ಮಗನನ್ನು ಕಳೆದುಕೊಂಡ ತಾಯಿ, ಅವನ ಸಾವಿಗೆ ಕಾರಣನಾದವನಿಗೆ ದಿನವೂ ಅನ್ನವಿಕ್ಕಿದಳು. ಆಗ ನನಗೆ ಅದು ದೊಡ್ಡದಾಗಿ ಕಾಣಲಿಲ್ಲ. ಅತ್ತೆಗೆ ರೋಷವೇ ಇಲ್ಲವೆಂದು ನನಗೆ ಸಿಟ್ಟೇ ಬಂತು.

ರೋಷ ಇತ್ತು. ಅದು ಗೊತ್ತಾದದ್ದು ಸಭೆಯಲ್ಲಿ. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಯೇಸುವಿನ ನೆನಪಿಗೆ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ದಿನ. ಯಾರ ಮೇಲಾದರೂ ಮನಸ್ತಾಪವಿದ್ದರೆ ಮೊದಲು ಹೋಗಿ ಅವರ ಕೈ ಹಿಡಿದು, ಆಮೇಲೆ ರೊಟ್ಟಿ ಮುಟ್ಟಬೇಕು ಎನ್ನುವುದು ನಮ್ಮಲ್ಲಿ ನಡೆದುಬಂದ ಕ್ರಮ. ಹೆಚ್ಚಿನವರಿಗೆ ಅದು ಬರಿಯ ಕ್ರಮ. ಕೈ ಮುಟ್ಟಿಸಿ ಮುಂದೆ ಹೋಗುತ್ತಾರೆ. ಆ ದಿನ ಎಲ್ಲರೂ ಎದ್ದರು, ನಾನೂ ಎದ್ದೆ. ಏಳದೆ ಕುಳಿತವರು ಇಬ್ಬರೇ, ಗಂಡಸರ ಕಡೆ ಕೊನೆಯ ಬೆಂಚಿನಲ್ಲಿ ಅಪ್ಪ, ಹೆಂಗಸರ ಕಡೆ ಅತ್ತೆ. ಪ್ರಾರ್ಥನೆಯಲ್ಲಿ ಕ್ಷಮೆಯ ಮಾತು ಬರುವ ಕಡೆಯಲ್ಲೂ ಅತ್ತೆ ಬಾಯಿ ಮುಚ್ಚಿಕೊಂಡಿದ್ದರು.

ಸಭೆ ಮುಗಿದ ಮೇಲೆ, ಅದನ್ನು ನಡೆಸುತ್ತಿದ್ದ ಉಪದೇಶಿಗಳು ಹತ್ತಿರ ಬಂದರು. ಒಳ್ಳೆಯ ಮನುಷ್ಯ, ದಾನಿಯೇಲನ ಗುಂಡಿಯ ಬಳಿ ನಮಗಿಂತ ಹೆಚ್ಚು ಅತ್ತವರು. ಒಂದು ಮಾತು ಹೇಳಿಬಿಡಿ ಮಾರ್ತಮ್ಮ, ನಿಮಗೂ ಹಗುರ, ಅವರಿಗೂ ಹಗುರ ಎಂದರು.

ಅತ್ತೆ ಸೆರಗು ಸರಿಮಾಡಿಕೊಂಡು ಹೇಳಿದರು, "ಬಾಯಲ್ಲಿ ಹೇಳೋಕೆ ಎಷ್ಟೊತ್ತು ಬೇಕು ಉಪದೇಶಿಗಳೇ. ಈಗಲೇ ಹೇಳಬೋದು. ಆದ್ರೆ ಮೇಲಿರೋನು ಕೇಳಿಸ್ಕೊಳ್ತಾನಲ್ಲ, ಅವನಿಗೆ ಸುಳ್ಳು ಹೇಳಲಾ?"

ಉಪದೇಶಿಗಳು ಮೆಲ್ಲಗೆ, "ಬೇಡ, ನಿಧಾನ ಮಾಡಿ" ಎಂದರು. ಅತ್ತೆ ಭೋಜನಕ್ಕೆ ಎದ್ದದ್ದು ಮಳೆಗಾಲ ಕಳೆದ ಮೇಲೆ. ಅಲ್ಲಿಯವರೆಗೆ ತಪ್ಪದೆ ಸಭೆಗೆ ಬಂದರು, ತಪ್ಪದೆ ಕುಳಿತೇ ಇದ್ದರು. ನಾನು ಸಭೆಗಳಲ್ಲಿ ಬಹಳ ಉಪದೇಶಗಳನ್ನು ಕೇಳಿದ್ದೇನೆ. ಹಾಗೆ ಕುಳಿತಿದ್ದ ಅತ್ತೆಯಿಂದ ಕಲಿತಷ್ಟು ಅವುಗಳಿಂದ ಕಲಿತಿಲ್ಲ.

ಇತ್ತ ಕೋರೆಯಲ್ಲಿ ಅಪ್ಪನ ಸ್ಥಿತಿ ಹದಗೆಡುತ್ತ ಬಂತು. ಮೇಸ್ತ್ರಿ ಅವರನ್ನು ಆ ಕೆಲಸದಿಂದ ಬಿಡಿಸಿರಲಿಲ್ಲ. ಇಪ್ಪತ್ತು ವರ್ಷ ತಪ್ಪದ ಮನುಷ್ಯ, ಮಳೆ ಹಿಡಿದು ಕೋರೆ ನಿಲ್ಲುವವರೆಗೆ ಇರಲಿ ಎಂದಿದ್ದರು. ಅಪ್ಪ ಈಗ ಬಂಡೆಯ ಮರೆಯಲ್ಲಿ ಮೊದಲಿನ ಹಾಗೆ ನಿಂತಿರುತ್ತಿರಲಿಲ್ಲ. ಕುಕ್ಕರಗಾಲಲ್ಲಿ ಕುಳಿತು, ಬಲ ಅಂಗೈಯನ್ನು ನೆಲದ ಬಂಡೆಗೆ ಊರಿರುತ್ತಿದ್ದರು. "ಬಂಡೆಗೆ ಜ್ವರ ಬಂದದಾ ಮೋಶಣ್ಣ, ನಾಡಿ ನೋಡ್ತೀರಲ್ಲ?" ಎಂದು ತಿಮ್ಮ ಕೇಳಿದ್ದಕ್ಕೆ ಕೆಲವರು ನಕ್ಕರು. ಅಪ್ಪ ಅಂಗೈ ಎತ್ತಲಿಲ್ಲ. ಎಣಿಸಿ ಮುಗಿದ ಮೇಲೂ "ಮುಗೀತು" ಎನ್ನುವ ಮಾತು ಅವರ ಬಾಯಿಂದ ಹೊರಡುತ್ತಿರಲಿಲ್ಲ. ನಾನು ನೋಡಿ ಬರ್ತೀನಿ ಎಂದು ಹಾರೆ ಎತ್ತಿಕೊಂಡು, ಹೊಗೆ ಇರುವಾಗಲೇ, ಒಬ್ಬರೇ ಒಳಗೆ ಹೋಗುತ್ತಿದ್ದರು. ಒಂದೊಂದು ಕುಳಿಯನ್ನೂ ಬಗ್ಗಿ ತಿವಿದು ನೋಡುತ್ತಿದ್ದರು. ಸಿಡಿಯದ ಮದ್ದಿದ್ದರೆ ಮುಟ್ಟಬಾರದೆಂದು ಎಲ್ಲರಿಗೂ ಕಲಿಸಿದವರೇ ಅವರು. ಅವರು ಹುಡುಕುತ್ತಿದ್ದುದು ಏನೆಂದು ನನಗೆ ತಿಳಿಯಿತು. ತಿಳಿದೂ ನಾನು ಬಾಯಿ ತೆರೆಯಲಿಲ್ಲ. ಒಬ್ಬನನ್ನು ಕಳೆದುಕೊಂಡವಳು ಇನ್ನೊಬ್ಬರನ್ನೂ ಕಳೆದುಕೊಳ್ಳುವ ದಾರಿಯಲ್ಲಿ ನಿಂತು ನೋಡುತ್ತಿದ್ದೆ.

ಅತ್ತೆಯೂ ನೋಡುತ್ತಿದ್ದರು. ಒಂದು ದಿನ ಬಡಿಸುತ್ತಿದ್ದ ಸೌಟನ್ನು ನಿಲ್ಲಿಸಿ ಕೇಳಿದರು, "ನೀವು ಸತ್ರೆ ನನ್ನ ಮಗ ಎದ್ದು ಬರ್ತಾನಾ ಬೀಗರೇ?"

ಅಪ್ಪ ತಲೆಯೆತ್ತಲಿಲ್ಲ. "ಇಲ್ಲ ಮಾರ್ತಕ್ಕ."

"ಮತ್ತೆ? ಇವಳಿಗೆ ಇನ್ನೊಂದು ಹೆಣ ತೋರಿಸ್ಬೇಕಾ?"

ಮರುದಿನ ಬೆಳಿಗ್ಗೆ ಅಕ್ಕಿ ಆರಿಸುತ್ತ ಕುಳಿತಾಗ ನಾನು ಅಷ್ಟು ದಿನ ಎದೆಯಲ್ಲಿಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ. ಹೇಳಬೇಕೆಂದು ಹೇಳಿದ್ದಲ್ಲ. ಮೊರದಲ್ಲಿ ಕಲ್ಲು ಹೆಕ್ಕುತ್ತಿದ್ದ ಬೆರಳು ನಿಂತುಹೋಯಿತು, ಮಾತು ಬಂತು.

"ಅತ್ತೆ, ಅವತ್ತು ನಾನೂ ಎಂಟೇ ಎಣಿಸಿದ್ದೆ."

ಅವರು ಕೈಯಲ್ಲಿದ್ದ ಅಕ್ಕಿಯನ್ನು ಮೊರಕ್ಕೆ ಬಿಟ್ಟರು. ಬೈಯುತ್ತಾರೆಂದುಕೊಂಡೆ. ಅವರು ನನ್ನ ಮುಖ ನೋಡದೆ ಒಲೆಯ ಕಡೆ ನೋಡುತ್ತ ಹೇಳಿದರು, "ನಾನೂ ಎಂಟೇ ಮಗಾ. ಎಂಟಾದ ಮೇಲೇ ಅನ್ನ ಬಸಿಯೋಕೆ ಎದ್ದಿದ್ದು."

ಇಬ್ಬರೂ ಅತ್ತದ್ದು ಆಗಲೇ. ಅವತ್ತಿನವರೆಗೆ ನಾವು ಒಬ್ಬರ ಎದುರು ಒಬ್ಬರು ಅತ್ತಿರಲಿಲ್ಲ. ಅವನನ್ನು ಹೆತ್ತವರು, ಅವನ ಕೈಹಿಡಿದವಳು, ಇಬ್ಬರೂ ಆ ಗುಡುಗನ್ನು ಮದ್ದಿನ ಸದ್ದೆಂದೇ ತಿಳಿದಿದ್ದೆವು. ಬಂಡೆಯ ಮರೆಯಲ್ಲಿ ಅವತ್ತು ನಾವು ನಿಂತಿದ್ದರೂ "ಮುಗೀತು" ಎಂದೇ ಕೂಗುತ್ತಿದ್ದೆವು. ಕೂಗುವ ಕೆಲಸ ಅಪ್ಪನ ಪಾಲಿಗೆ ಬಂದಿತ್ತು, ಅಷ್ಟೆ. ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಮತ್ತೆ ಮೊರ ಎತ್ತಿಕೊಂಡರು. ಇವತ್ತು ಎಷ್ಟು ಕುಳಿ ಎಂದು ಕೇಳಿದರು. ಆರು ಎಂದೆ.

ಅವತ್ತು ಸದ್ದು ಮುಗಿಯುವವರೆಗೆ ಕಾಯಲಿಲ್ಲ. ಅನ್ನ ಬೇಗ ಬಸಿದು, ಬುಟ್ಟಿ ಹೊತ್ತುಕೊಂಡು, ನಾವಿಬ್ಬರೂ ಕೋರೆಗೆ ಮುಂಚೆಯೇ ಹೋದೆವು. ಮೇಸ್ತ್ರಿ ಬೈಯುತ್ತ ನಮ್ಮನ್ನು ದೊಡ್ಡ ಬಂಡೆಯ ಮರೆಗೆ ಕಳಿಸಿದರು. ಅಲ್ಲಿ ಅಪ್ಪ ಕುಳಿತಿದ್ದರು, ಎಡಗೈಯಲ್ಲಿ ಆರು ಕಲ್ಲು, ಬಲಗೈ ಬಂಡೆಯ ಮೇಲೆ. ನಮ್ಮನ್ನು ಕಂಡು ಅವರ ಮುಖದ ಬಣ್ಣ ಹೋಯಿತು. ತಿಮ್ಮ ಬತ್ತಿ ಹಚ್ಚಿ ಓಡಿಬಂದ. ಪಶ್ಚಿಮಕ್ಕೆ ಮೋಡ ಕಪ್ಪಗೆ ಕಟ್ಟಿತ್ತು.

ಮೊದಲ ಸದ್ದು. ಒಂದು ಕಲ್ಲು ಬಿತ್ತು. ಎರಡನೆಯದು. ಆಮೇಲೆ ಒಂದು ಸದ್ದು ಬಂತು, ಕಲ್ಲು ಬೀಳಲಿಲ್ಲ. ನನ್ನ ಲೆಕ್ಕ ಅಲ್ಲಿಗೇ ತಪ್ಪಿತು. ನಾನು ಕಣ್ಣುಮುಚ್ಚಿಕೊಂಡೆ. ಸದ್ದೆಲ್ಲ ನಿಂತ ಮೇಲೆ ಕಣ್ಣು ಬಿಟ್ಟರೆ ಅಪ್ಪನ ಎಡಗೈ ಬರಿದಾಗಿತ್ತು. ಆದರೆ ಅವರು ಕೂಗಲಿಲ್ಲ. ಹಾರೆಯ ಕಡೆ ಕೈ ಚಾಚಿದರು.

ಅತ್ತೆ ಹಾರೆಯ ಮೇಲೆ ಕಾಲಿಟ್ಟರು. "ಅದು ಬೇಡ. ಎಷ್ಟಾಯ್ತು ಹೇಳಿ."

"ಆರು."

"ನನಗೆ ಎಂಟು ಕೇಳಿಸ್ತು."

"ಎರಡು ಗುಡುಗು," ಅಪ್ಪ ಹೇಳಿದರು. "ಗುಡುಗು ಕಿವಿಗೆ ಬರ್ತದೆ, ಕೈಗೆ ಬರಲ್ಲ. ಮದ್ದಿನದು ಬಂಡೆ ಒಳಗಿಂದ ಅಂಗೈಗೆ ಬರ್ತದೆ ಮಾರ್ತಕ್ಕ. ಇಪ್ಪತ್ತು ವರ್ಷ ಕಿವಿ ಒಂದನ್ನೇ ನಂಬಿದ್ದೆ. ಇದು ಮೊದಲೇ ಗೊತ್ತಾಗಿದ್ರೆ..."

"ಈಗ ಗೊತ್ತಾಯ್ತಲ್ಲ. ಹಂಗಾದ್ರೆ ಕೂಗಿ."

ಅಪ್ಪನ ತುಟಿ ಅಲುಗಿತು. "ಮುಗೀತು" ಎಂದರು. ಕೂಗಲಿಲ್ಲ, ಹೇಳಿದರು ಅಷ್ಟೆ. ಸುತ್ತ ನಿಂತಿದ್ದ ಯಾವ ಗಂಡಸೂ ಅಲುಗಲಿಲ್ಲ. ತಿಮ್ಮ ನೆಲ ನೋಡುತ್ತಿದ್ದ.

ಅತ್ತೆ ಬುಟ್ಟಿ ತಲೆಗಿಟ್ಟುಕೊಂಡರು. ಒಂದು ಕೈಯಲ್ಲಿ ಸಾರಿನ ಪಾತ್ರೆಯನ್ನೂ ನನ್ನಿಂದ ತೆಗೆದುಕೊಂಡು, ಬಂಡೆಯ ಮರೆಯಿಂದ ಹೊರಗೆ ಬಂದು ಕೋರೆಯೊಳಕ್ಕೆ ನಡೆದರು. ಹೊಗೆ ಇನ್ನೂ ನೆಲದ ಮೇಲೆ ಹರಿದಾಡುತ್ತಿತ್ತು. ಒಡೆದ ಕಲ್ಲುಗಳ ನಡುವೆ ಕಾಲಿಗೆ ಜಾಗ ಹುಡುಕುತ್ತ, ಅವಸರವಿಲ್ಲದೆ ಹೋದರು. ಅಪ್ಪ ಎದ್ದು ಅವರ ಹಿಂದೆ ಓಡಲು ಹೋದರು. ನಾಲ್ಕು ಹೆಜ್ಜೆ ಇಟ್ಟು ಅಲ್ಲೇ ನಿಂತುಬಿಟ್ಟರು. ನನ್ನ ಗಂಡ ಬಿದ್ದಿದ್ದ ಜಾಗ ಎಲ್ಲರಿಗೂ ಗೊತ್ತಿತ್ತು. ಅತ್ತೆ ಅಲ್ಲಿಗೇ ಹೋಗಿ ಬುಟ್ಟಿ ಇಳಿಸಿ, ಒಂದು ಕಲ್ಲಿನ ಮೇಲೆ ಕುಳಿತು, ಎಲೆಗಳನ್ನು ಹರಡಿದರು.

ಒಂದು ಎಲೆಗೆ ಅನ್ನ ಹಾಕಿ ನಮ್ಮ ಕಡೆ ತಿರುಗಿ ಕರೆದರು, "ಬನ್ನಿ ಬೀಗರೇ. ಎಸ್ತರ್, ನಿಮ್ಮಪ್ಪನ್ನ ಕರ್ಕೊಂಡು ಬಾ."

ನಾನು ಅಪ್ಪನ ಕೈ ಹಿಡಿದೆ. ಎಡಗೈಯೇ. ಒಂದು ತಿಂಗಳ ಮೇಲೆ ಮುಟ್ಟಿದ್ದು. ಮರದ ತೊಗಟೆಯ ಹಾಗೆ ಒರಟಾಗಿತ್ತು, ಒದ್ದೆಯಾಗಿತ್ತು. ಇಬ್ಬರೂ ನಡೆದೆವು. ಪ್ರತಿ ಹೆಜ್ಜೆಗೂ ನನ್ನ ಕಿವಿ ಏನನ್ನೋ ಕಾಯುತ್ತಿತ್ತು. ಹಿಂದಿನಿಂದ ತಿಮ್ಮನ ಹೆಜ್ಜೆ ಕೇಳಿಸಿತು, ಆಮೇಲೆ ಉಳಿದವರದು. ಅವತ್ತು ಎಲ್ಲರೂ ಕೋರೆಯ ಒಳಗೇ ಉಂಡರು. ತಿಮ್ಮ ಅಪ್ಪನ ಪಕ್ಕದಲ್ಲೇ ಕುಳಿತ. ಉಪ್ಪಿನಕಾಯಿಯನ್ನು ತನ್ನ ಎಲೆಯಿಂದ ಅಪ್ಪನ ಎಲೆಗೆ ಸರಿಸಿದ.

ಮಳೆ ಹನಿಯುವಷ್ಟರಲ್ಲಿ ಅತ್ತೆಯೂ ನಾನೂ ಬಿಡಾರಕ್ಕೆ ಹೊರಟೆವು. ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. ನಿಮಗೆ ಹೆದರಿಕೆ ಆಗಲಿಲ್ಲವೇ ಎಂದು ಕೇಳಿದೆ. ಅವರ ನಂಬಿಕೆ ಬೆಟ್ಟದಂಥದು, ನನ್ನದು ಸಾಸಿವೆಯಷ್ಟೂ ಇಲ್ಲ ಎಂದು ಆಗ ನನ್ನ ಎಣಿಕೆ.

"ಆಗ್ದೇ ಇರ್ತದಾ? ಕಾಲು ನಡುಗ್ತಿತ್ತು. ನೀನು ನೋಡ್ಲಿಲ್ವಾ, ಅರ್ಧ ಸಾರು ದಾರೀಲೇ ಚೆಲ್ಲಿ ಹೋಯ್ತು. ತಿಮ್ಮನಿಗೆ ಬರೀ ತಿಳಿ ಬಂತು ಪಾಪ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸ್ವಲ್ಪ ದೂರ ನಡೆದ ಮೇಲೆ ಇನ್ನೊಂದು ಕೇಳಿದೆ. "ಹಂಗಾದ್ರೆ ಅಪ್ಪನ್ನ ಕ್ಷಮಿಸಿದ್ರಾ ಅತ್ತೆ?"

ಅವರು ಖಾಲಿ ಬುಟ್ಟಿಯನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡರು. ಯೋಚಿಸಿಯೇ ಉತ್ತರ ಕೊಟ್ಟರು.

"ಇವತ್ತಿನ ಮಟ್ಟಿಗೆ ಆಯ್ತು ಮಗಾ. ನಾಳೆ ಮತ್ತೆ ಊಟ ತಗೊಂಡು ಹೋಗ್ಬೇಕಲ್ಲ, ನೋಡಾಣ."

ಮರುದಿನ ಐದು ಕುಳಿ ಇತ್ತು. ಹೋದೆವು.